ಇದ್ದಿಲೊಲೆಯ ಗ್ಯಾಸ್ಕೆಟ್ ಬದಲಿಸುವುದು: ಕೆರೆಯುವುದೇ ಮುಕ್ಕಾಲು ಕೆಲಸ

ಗಾಳಿಯ ಕಿಂಡಿಗಳನ್ನು ಮೇಲೆ ಕೆಳಗೆ ಪೂರ್ತಿ ಮುಚ್ಚಿ ಒಳಗೆ ಹೋಗಿದ್ದೀರಿ. ಮರುದಿನ ಮುಚ್ಚಳ ಎತ್ತಿ ನೋಡಿದರೆ, ಅರ್ಧದಷ್ಟಾದರೂ ಉಳಿದಿರಬೇಕಿದ್ದ ಇದ್ದಿಲು ಬೂದಿಯಾಗಿ ಕೂತಿದೆ. ಸೆರಾಮಿಕ್ ಇದ್ದಿಲೊಲೆಯ ಗ್ಯಾಸ್ಕೆಟ್ ಕೆಟ್ಟಿದೆ ಎಂಬುದಕ್ಕೆ ನಾನು ನಂಬುವ ಗುರುತು ಇದು. ಸಂದಿಯಲ್ಲಿ ಹೊಗೆ ನೂಲಿನಂತೆ ಹೊರಡುವುದು ಕಣ್ಣಿಗೆ ಬೀಳುತ್ತದೆ ನಿಜ, ಆದರೆ ಹೊಸ ಒಲೆಯಲ್ಲೂ ಅಷ್ಟಿಷ್ಟು ಹೊಗೆ ಸೋರುವುದುಂಟು. ಅದಕ್ಕೇ ಗಾಬರಿಯಾಗಬೇಕಿಲ್ಲ. ಕಿಂಡಿ ಮುಚ್ಚಿದರೂ ಬೆಂಕಿ ಆರದಿದ್ದರೆ, ಕಿಂಡಿ ಕಿರಿದು ಮಾಡಿದರೂ ಉಷ್ಣಾಂಶ ಇಳಿಯದಿದ್ದರೆ, ಆಗ ಗಾಳಿ ನಿಮ್ಮ ಅಪ್ಪಣೆ ಇಲ್ಲದೆ ಒಳಗೆ ಬರುತ್ತಿದೆ ಎಂದು ಅರ್ಥ.

ಈ ಒಲೆಗೆ ಜಪಾನಿ ಭಾಷೆಯ ‘ಕಮಾಡೊ’ ಎಂಬ ಹೆಸರೇ ಎಲ್ಲ ಕಡೆ ಬಳಕೆಯಲ್ಲಿದೆ. ದಪ್ಪ ಗೋಡೆಯ ಬುಡ, ಅದರ ಮೇಲೆ ಗುಮ್ಮಟದಂಥ ಮುಚ್ಚಳ, ಎರಡನ್ನೂ ಹಿಡಿದಿರುವ ಎರಡು ಉಕ್ಕಿನ ಪಟ್ಟಿಗಳು, ಹಿಂದೆ ಸ್ಪ್ರಿಂಗ್ ಇರುವ ಕೀಲು. ಬುಡದ ಕಂಠ, ಮುಚ್ಚಳದ ಕಂಠ ಒಂದರ ಮೇಲೊಂದು ಕೂರುವಲ್ಲಿ ಬೆರಳಗಲದ ಮೆತ್ತನೆಯ ಪಟ್ಟಿ ಇರುತ್ತದೆ. ಅದೇ ಗ್ಯಾಸ್ಕೆಟ್. ಗಾಳಿ ತಡೆಯುವುದು ಅದರ ಒಂದು ಕೆಲಸ. ಇನ್ನೊಂದನ್ನು ಜನ ಮರೆಯುತ್ತಾರೆ: ಮುಚ್ಚಳ ಕೈಜಾರಿ ಬಿದ್ದಾಗ ಸೆರಾಮಿಕ್ ಮೇಲೆ ಸೆರಾಮಿಕ್ ಬಡಿದು ಅಂಚು ಚಕ್ಕೆ ಏಳದಂತೆ ಕಾಯುವುದೂ ಅದೇ. ಗ್ಯಾಸ್ಕೆಟ್ ಸುಟ್ಟುಹೋದ ಮೇಲೂ ವರ್ಷಗಟ್ಟಲೆ ಹಾಗೆಯೇ ಅಡುಗೆ ಮಾಡುವವರಿದ್ದಾರೆ, ಅವರ ಅಡುಗೆಯೂ ಚೆನ್ನಾಗಿಯೇ ಆಗುತ್ತದೆ. ಆದರೆ ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ಗಂಟೆ ಬೇಯಿಸುವ ಅಭ್ಯಾಸ ನಿಮಗಿದ್ದರೆ ಬದಲಿಸುವುದೇ ಸರಿ.

ಹಳೆಯದನ್ನು ಕೀಳುವ ಮೊದಲು ಓದಿಕೊಳ್ಳಿ

ಬ್ಲೇಡು ಕೈಗೆತ್ತಿಕೊಳ್ಳುವ ಮುನ್ನ ಹತ್ತು ನಿಮಿಷ ಹಳೆಯ ಪಟ್ಟಿಯ ಮುಂದೆ ಕೂರಿ. ಅದು ಎಲ್ಲಿ ಸುಟ್ಟಿದೆ, ಹೇಗೆ ಸುಟ್ಟಿದೆ ಎಂಬುದರಲ್ಲೇ ಕಾರಣ ಬರೆದಿರುತ್ತದೆ. ಸುತ್ತಲೂ ಒಂದೇ ಸಮನಾಗಿ ಗಟ್ಟಿಯಾಗಿ, ಕಂದಾಗಿ, ಹಪ್ಪಳದಂತೆ ಮುರಿಯುತ್ತಿದ್ದರೆ ಅದು ವಯಸ್ಸಿನ ಸಾವು, ತಕರಾರಿಲ್ಲ. ಪಟ್ಟಿ ಚೆನ್ನಾಗಿಯೇ ಇದ್ದು ಉದ್ದಕ್ಕೆ ಕಳಚಿ ಜೋತಾಡುತ್ತಿದ್ದರೆ ತಪ್ಪು ಅಂಟಿನದು. ಒಂದೇ ಕಡೆ, ಅಂಗೈಯಗಲದಷ್ಟು ಮಾತ್ರ ಕರಕಲಾಗಿ ಉಳಿದೆಲ್ಲ ಸುಸ್ಥಿತಿಯಲ್ಲಿದ್ದರೆ ತಪ್ಪು ಗ್ಯಾಸ್ಕೆಟ್‌ದಲ್ಲ, ಮುಚ್ಚಳದ್ದು. ಅಲ್ಲಿ ಮುಚ್ಚಳ ಕೂದಲೆಳೆಯಷ್ಟು ಎತ್ತಿಕೊಂಡಿದೆ. ಆ ಸಂದಿಯಿಂದ ಬಿಸಿಗಾಳಿ ಸತತ ನುಗ್ಗಿ ಆ ಜಾಗವನ್ನಷ್ಟೇ ಸುಟ್ಟಿದೆ.

ನಾನು ಮೊದಲ ಸಲ ಇದನ್ನು ಓದದೆಯೇ ಕೆಲಸಕ್ಕೆ ಕೈಹಾಕಿದೆ. ಹೊಸ ಪಟ್ಟಿ ಅಂಟಿಸಿ ಹೆಮ್ಮೆಪಟ್ಟುಕೊಂಡು ಎರಡು ತಿಂಗಳಾಗಿರಲಿಲ್ಲ, ಎಡಮುಂಭಾಗದಲ್ಲಿ ಅದೇ ಜಾಗ ಅದೇ ಅಗಲಕ್ಕೆ ಮತ್ತೆ ಕಪ್ಪಾಯಿತು. ಒಲೆ ನನ್ನ ಮೇಲೆ ಹಗೆ ಸಾಧಿಸುತ್ತಿರಲಿಲ್ಲ. ನಾನು ಕಾಯಿಲೆ ಬಿಟ್ಟು ಬ್ಯಾಂಡೇಜು ಬದಲಿಸಿದ್ದೆ, ಅಷ್ಟೇ.

ಪರೀಕ್ಷೆ ಸುಲಭ. ತಣ್ಣಗಿರುವ ಒಲೆಯ ಕಂಠದ ಮೇಲೆ ಎರಡು ಬೆರಳಗಲದ ಕಾಗದದ ಚೂರು ಇಟ್ಟು ಮುಚ್ಚಳ ಮುಚ್ಚಿ. ಕಾಗದವನ್ನು ಮೆಲ್ಲನೆ ಎಳೆಯಿರಿ. ಬಿಗಿಯಾಗಿ, ತಡೆತಡೆದು ಬಂದರೆ ಅಲ್ಲಿ ಮುಚ್ಚಳ ಕೂತಿದೆ. ಬೆಣ್ಣೆಯಲ್ಲಿ ಜಾರಿದಂತೆ ಬಂದರೆ ಕೂತಿಲ್ಲ. ಗಡಿಯಾರದ ಮುಖದಂತೆ ಸುತ್ತಲೂ ಎಂಟು ಕಡೆ ಹೀಗೆ ನೋಡಿ, ಸಡಿಲ ಬಂದಲ್ಲೆಲ್ಲ ಹೊರಮೈಗೆ ಪೆನ್ಸಿಲ್ ಗುರುತು ಹಾಕಿ. ಗುರುತೂ ಸುಟ್ಟ ಜಾಗವೂ ಒಂದೇ ಆಗಿದ್ದರೆ ಅನುಮಾನಕ್ಕೆ ಎಡೆಯಿಲ್ಲ. ಗುರುತುಗಳನ್ನು ಅಳಿಸಬೇಡಿ, ಕೊನೆಯಲ್ಲಿ ಬೇಕಾಗುತ್ತವೆ.

ಪಟ್ಟಿ ಯಾವುದು, ಎಷ್ಟು

ಪೇಟೆಯಲ್ಲಿ ಸಿಗುವವು ಹೆಚ್ಚುಕಡಿಮೆ ಮೂರು ಬಗೆ. ಉಣ್ಣೆಯ ಫೆಲ್ಟ್ ಮೆತ್ತಗಿರುತ್ತದೆ, ಚೆನ್ನಾಗಿ ಒತ್ತಿಕೊಳ್ಳುತ್ತದೆ, ಆದರೆ 200 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಕರಕಲಾಗತೊಡಗುತ್ತದೆ. ನೋಮೆಕ್ಸ್ ಎಂಬ ಕೃತಕ ನಾರಿನ ಫೆಲ್ಟ್ ಕರಗುವುದಿಲ್ಲ, ಸುಮಾರು 370 ಡಿಗ್ರಿಯವರೆಗೆ ತಾಳಿಕೊಂಡು ಆಮೇಲೆ ಕಪ್ಪಾಗುತ್ತದೆ. ಗಾಜಿನ ನಾರಿನಿಂದ ಹೆಣೆದ ಪಟ್ಟಿ 500 ಡಿಗ್ರಿಯ ಆಸುಪಾಸನ್ನೂ ಸಹಿಸುತ್ತದೆ. ಈ ಒಲೆಗಳು ಕಿಂಡಿ ಪೂರ್ತಿ ತೆರೆದಾಗ 400 ಡಿಗ್ರಿ ಮುಟ್ಟುವುದು ಅಪರೂಪವಲ್ಲವಾದ್ದರಿಂದ, ಜೋರು ಉರಿಯ ಅಡುಗೆ ಹೆಚ್ಚು ಮಾಡುವವರು ಗಾಜಿನ ನಾರನ್ನೇ ಆರಿಸಿಕೊಳ್ಳಬೇಕು. ಸಣ್ಣ ಉರಿಯವರಿಗೆ ನೋಮೆಕ್ಸ್ ಸಾಕು, ಅಂಟಿಸುವುದೂ ಸಲೀಸು. ಉಣ್ಣೆಯನ್ನು ನಾನು ಯಾರಿಗೂ ಹೇಳುವುದಿಲ್ಲ. ಹಳೆಯ ಬಾಯ್ಲರಿನಿಂದ ಉಳಿದ ಕಲ್ನಾರಿನ ಹಗ್ಗ ಮೂಲೆಯಲ್ಲಿ ಬಿದ್ದಿದೆ ಎಂದು ಅದನ್ನು ತಂದು ಸುತ್ತಬೇಡಿ. ಆ ಧೂಳು ಶ್ವಾಸಕೋಶಕ್ಕೆ ವಿಷ.

ಅಳತೆಗೆ ದಾರವೇ ಸಾಕು. ಕಂಠದ ಸುತ್ತ ದಾರ ಇಟ್ಟು ಅಳೆಯಿರಿ, ಅಥವಾ ವ್ಯಾಸವನ್ನು 3.14ರಿಂದ ಗುಣಿಸಿ. ವ್ಯಾಸ 50 ಸೆಂ.ಮೀ. ಇದ್ದರೆ ಒಂದು ಸುತ್ತು 157 ಸೆಂ.ಮೀ., ಮುಚ್ಚಳ ಬುಡ ಎರಡೂ ಸೇರಿ 314 ಸೆಂ.ಮೀ. ಮೂರೂವರೆ ಮೀಟರ್ ತಂದರೆ ಚೂರು ಉಳಿಯುತ್ತದೆ, ಉಳಿಯಲಿ. ಅಗಲ ಮತ್ತು ದಪ್ಪ ಹಳೆಯದರಷ್ಟೇ ಇರಬೇಕು. ಸಾಮಾನ್ಯವಾಗಿ ಅಗಲ 22 ಮಿ.ಮೀ., ದಪ್ಪ 3 ಮಿ.ಮೀ. ಸುತ್ತ ಇರುತ್ತದೆ. ದಪ್ಪ ಹೆಚ್ಚಾದರೆ ಗಾಳಿ ಚೆನ್ನಾಗಿ ತಡೆಯುತ್ತದೆ ಎಂದುಕೊಳ್ಳಬೇಡಿ. ಹಿಂದೆ ಕೀಲಿನ ಬಳಿ ಅದು ಸಿಕ್ಕಿಕೊಂಡು ಮುಂದೆ ಮುಚ್ಚಳವನ್ನೇ ಎತ್ತಿಹಿಡಿಯುತ್ತದೆ.

ಇನ್ನು ಕೈಗೆ ಬೇಕಾದವು: ಪುಟ್ಟಿ ಹಚ್ಚುವ ಚಪ್ಪಟೆ ಅಲಗು, ಹಿಡಿ ಇರುವ ಬ್ಲೇಡು, ಒರಟು ಉಜ್ಜುಗ, ಅಸಿಟೋನ್ (ಅಂಟು ಕರಗಿಸುವ, ಬೇಗ ಹೊತ್ತಿಕೊಳ್ಳುವ ದ್ರಾವಕ), ನೂಲು ಬಿಡದ ಹಳೆಯ ಹತ್ತಿಬಟ್ಟೆ, ಕಾಗದದ ಟೇಪು, ಹರಿತವಾದ ಕತ್ತರಿ, ಪಟ್ಟಿಯ ನಟ್ಟಿಗೆ ಹೊಂದುವ ಸ್ಪ್ಯಾನರ್. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ಗಾಜಿನ ನಾರಾದರೆ ಕೈಗವಸು ಮತ್ತು ತುಂಬುತೋಳಿನ ಅಂಗಿ, ಇಲ್ಲವಾದರೆ ರಾತ್ರಿಯಿಡೀ ಮೈ ತುರಿಸಿಕೊಳ್ಳುತ್ತೀರಿ.

ಕೆರೆಯುವ ಕೆಲಸ

ಒಲೆ ಕೊನೆಯ ಸಲ ಉರಿದು ಪೂರ್ತಿ ಒಂದು ದಿನ ಕಳೆದಿರಲಿ. ಬೂದಿ ಮುಚ್ಚಿದ ಕೆಂಡ ಎಂಬ ಮಾತು ಹುಟ್ಟಿದ್ದೇ ಇಂಥ ಒಲೆಗಳಿಂದ ಇರಬೇಕು. ದಪ್ಪ ಗೋಡೆಯೊಳಗೆ ಬೂದಿಯಡಿ ಒಂದು ಕೆಂಡ ಎಷ್ಟೋ ಹೊತ್ತು ಜೀವ ಹಿಡಿದಿರುತ್ತದೆ, ನೀವು ಅದರ ಮೇಲೆ ಅಸಿಟೋನ್ ಬಟ್ಟೆ ಹಿಡಿಯಲಿದ್ದೀರಿ. ಆದ್ದರಿಂದ ಇದ್ದಿಲು, ಬೂದಿ, ಜಾಲರಿ, ಒಳಗಿನ ಬೆಂಕಿಗೂಡು ಎಲ್ಲ ಹೊರತೆಗೆಯಿರಿ. ಮುಚ್ಚಳದ ತುದಿಯ ಹೊಗೆಕಿಂಡಿಯ ಟೊಪ್ಪಿಯನ್ನೂ ತೆಗೆದಿಡಿ, ಮುಚ್ಚಳ ಅಲುಗಾಡಿದಾಗ ಅದು ಬೀಳುತ್ತದೆ. ಬುಡದ ಬಾಯಿಗೆ ಹಳೆಯ ಪತ್ರಿಕೆ ಹೊದಿಸಿ ಟೇಪು ಹಾಕಿದರೆ ಕೆರೆದ ಚೂರು ಒಳಗೆ ಉದುರುವುದಿಲ್ಲ.

ಮುಚ್ಚಳವನ್ನು ಉಕ್ಕಿನ ಪಟ್ಟಿಯಿಂದ ಬಿಡಿಸಬೇಕೇ? ಬೇಡ ಎಂಬುದು ನನ್ನ ಅಭಿಪ್ರಾಯ. ತೆರೆದು ಹಿಂದಕ್ಕೆ ವಾಲಿಸಿದರೆ ಅದರ ಕಂಠ ನಿಮ್ಮ ಕಡೆಗೇ ಮುಖ ಮಾಡಿ ನಿಲ್ಲುತ್ತದೆ, ಹಿಂಬದಿಯ ಒಂದು ಗೇಣು ಬಿಟ್ಟರೆ ಎಲ್ಲೆಡೆ ಕೈ ಸಲೀಸಾಗಿ ಹೋಗುತ್ತದೆ. ಬಿಡಿಸಿದಿರೋ, ಮುಚ್ಚಳದ ಭಾರ ಹೊರಲೆಂದು ಎಳೆದು ಕಟ್ಟಿದ ಸ್ಪ್ರಿಂಗ್‌ಗಳಿಗೆ ಭಾರವೇ ಇಲ್ಲದಂತಾಗಿ ಮೇಲಿನ ಉಕ್ಕಿನ ಪಟ್ಟಿ ಚಟ್ಟನೆ ಮೇಲೆ ಹಾರುತ್ತದೆ. ಮುಖ ಅಡ್ಡವಿದ್ದರೆ ಹಲ್ಲು ಹೋಗುವಷ್ಟು ಬಲ ಅದಕ್ಕಿದೆ.

ಹಳೆಯ ಪಟ್ಟಿಯನ್ನು ಒಂದು ತುದಿಯಿಂದ ಎಬ್ಬಿಸಿ ಎಳೆದರೆ ಫೆಲ್ಟಿನ ಮೇಲಿನ ಪದರ ಉದ್ದಕ್ಕೆ ಸಲೀಸಾಗಿ ಬಂದುಬಿಡುತ್ತದೆ. ಕೆಲಸ ಮುಗಿಯಿತು ಎಂದು ಖುಷಿಪಡುವುದು ಇಲ್ಲೇ. ಅಡಿಯಲ್ಲಿ ಹಳೆಯ ಅಂಟು, ಸುಟ್ಟ ನಾರು, ಜಿಡ್ಡು ಮೂರೂ ಬೆರೆತು ಕಪ್ಪು ಅರಗಿನಂತೆ ಸೆರಾಮಿಕ್ಕಿಗೆ ಕಚ್ಚಿಕೊಂಡಿರುತ್ತದೆ. ಇನ್ನು ಮುಂದಿನ ಎರಡು ಗಂಟೆ ಅದರದ್ದೇ.

ಅಲಗನ್ನು ಕಂಠಕ್ಕೆ ಬಹುತೇಕ ಮಲಗಿಸಿ ಹಿಡಿದು ಮುಂದಕ್ಕೆ ತಳ್ಳಿ. ಕೋನ ಹೆಚ್ಚಾದರೆ ತುದಿ ಸೆರಾಮಿಕ್ಕನ್ನು ಗೀಚುತ್ತದೆ, ಅಂಚಿನ ಮೆರುಗಿಗೆ ತಗುಲಿದರೆ ಚಕ್ಕೆ ಏಳುತ್ತದೆ. ಸರಿಯಾಗಿ ಹಿಡಿದಾಗ ಅಂಟು ಮರದ ಸಿಪ್ಪೆಯಂತೆ ಸುರುಳಿಯಾಗಿ ಏಳುವುದು ಕಾಣುತ್ತದೆ, ಕೈಗೂ ತಿಳಿಯುತ್ತದೆ. ಎದ್ದೇಳದ ಕಡೆ ಬಲ ಹಾಕಬೇಡಿ. ಅಸಿಟೋನಿನಲ್ಲಿ ನೆನೆಸಿದ ಬಟ್ಟೆಯನ್ನು ಆ ಜಾಗದ ಮೇಲೆ ಮೂರು ನಿಮಿಷ ಹೊದಿಸಿಟ್ಟು ಆಮೇಲೆ ಕೆರೆಯಿರಿ. ಕಂಠಕ್ಕೆ ಅಸಿಟೋನ್ ಸುರಿಯಬೇಡಿ, ಬಟ್ಟೆಗೆ ಹಾಕಿ. ತೆಳು ಕೈಗವಸಿನೊಳಗೆ ಅಸಿಟೋನ್ ಬೇಗ ಇಳಿಯುತ್ತದೆ, ಬೆರಳು ತಣ್ಣಗಾದಂತೆ ಅನ್ನಿಸಿದರೆ ಕೈಗವಸು ಬದಲಿಸಿ. ಕೆಲಸ ಬಯಲಲ್ಲೇ ನಡೆಯಲಿ, ಹತ್ತಿರ ಯಾವ ಕಿಡಿಯೂ ಬೇಡ. ಅಸಿಟೋನಿನ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಹೋಗುವ ಬದಲು ಒಲೆಯ ಹೊಟ್ಟೆಯೊಳಗೇ ಇಳಿದು ಕೂರಬಲ್ಲದು, ಆದ್ದರಿಂದ ಕೆಳಗಿನ ಕಿಂಡಿ ತೆರೆದೇ ಇರಲಿ.

ಡ್ರಿಲ್ಲಿಗೆ ತಂತಿಯ ಚಕ್ರ ಸಿಕ್ಕಿಸಿ ಕಾಲು ಗಂಟೆಯಲ್ಲಿ ಮುಗಿಸುವವರೂ ಇದ್ದಾರೆ. ಮುಗಿಯುತ್ತದೆ, ಸುಳ್ಳಲ್ಲ. ಆದರೆ ಚಕ್ರ ಅಂಟಿಗೂ ಸೆರಾಮಿಕ್ಕಿಗೂ ಭೇದ ಮಾಡುವುದಿಲ್ಲ. ಅದು ಎಬ್ಬಿಸುವ ನುಣುಪು ಧೂಳು ಮೂಗಿಗೆ ಕೆಟ್ಟದ್ದು. ಜೋರು ಉರಿ ಹಾಕಿ ಹಳೆಯ ಗ್ಯಾಸ್ಕೆಟ್ಟನ್ನು ಸುಟ್ಟುಬಿಡುವ ಉಪಾಯವೂ ಪ್ರಚಲಿತ. ಅಂಟು ಸುಟ್ಟ ಹೊಗೆ ಕುಡಿಯುವ ಆಸೆ ಇದ್ದವರಿಗೆ ಅದು. ಸೋಪುನೀರು ಮಾತ್ರ ಖಂಡಿತ ಬೇಡ. ಕಂಠದ ಮೇಲ್ಭಾಗಕ್ಕೆ ಮೆರುಗಿನ ಲೇಪ ಇಲ್ಲದ ಕಡೆ ಸೆರಾಮಿಕ್ ನೀರು ಹೀರುತ್ತದೆ, ಆಮೇಲೆ ಬೆಂಕಿ ಹಾಕಿದಾಗ ಆ ನೀರೇ ಆವಿಯಾಗಿ ಬಿರುಕಿಗೆ ದಾರಿಯಾಗಬಹುದು.

ಎಲ್ಲಿಗೆ ನಿಲ್ಲಿಸಬೇಕು? ಬಣ್ಣ ನೋಡಬೇಡಿ, ಕಲೆ ಎಷ್ಟು ಉಜ್ಜಿದರೂ ಉಳಿಯುತ್ತದೆ. ಕಣ್ಣು ಮುಚ್ಚಿ ಬೆರಳ ತುದಿಯಿಂದ ಕಂಠದ ಮೇಲೆ ಒಂದು ಸುತ್ತು ಹಾಕಿ. ಎಲ್ಲೂ ಉಬ್ಬು ತಗುಲಬಾರದು, ಎಲ್ಲೂ ಜಿಗುಟು ಅನ್ನಿಸಬಾರದು. ಆಮೇಲೆ ಹೊಸ ಬಟ್ಟೆಗೆ ಅಸಿಟೋನ್ ಹಾಕಿ ಕೊನೆಯ ಸಲ ಒರೆಸಿ. ಬಟ್ಟೆ ಕಂದು ಹಿಡಿದರೆ ಇನ್ನೊಮ್ಮೆ. ಬಟ್ಟೆ ಬೆಳ್ಳಗೇ ಉಳಿದ ಮೇಲೆ ಕಂಠವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡೂ ಅಂಟಿಗೆ ಶತ್ರು.

ಮುಚ್ಚಳವನ್ನು ಕೂರಿಸುವುದು

ಎರಡೂ ಕಂಠ ಬರಿದಾಗಿರುವ ಈ ಹೊತ್ತಿನಲ್ಲಿ ಮುಚ್ಚಳ ನಿಧಾನವಾಗಿ ಮುಚ್ಚಿ ಕೂತು ನೋಡಿ. ಒಳಗೆ ಟಾರ್ಚು ಹಚ್ಚಿಟ್ಟು ಕತ್ತಲಲ್ಲಿ ನೋಡಿದರೆ ಬೆಳಕು ಸೋರುವ ಕಡೆಯೆಲ್ಲ ಸಂದಿ ಇದೆ. ತುಸು ಸಂದಿ ಇದ್ದೇ ಇರುತ್ತದೆ, ಕುಲುಮೆಯಿಂದ ಬಂದ ಸೆರಾಮಿಕ್ ತಟ್ಟೆಯಷ್ಟು ಸಮ ಇರುವುದಿಲ್ಲ. ಅದನ್ನು ತುಂಬಲೆಂದೇ ಗ್ಯಾಸ್ಕೆಟ್ ಇರುವುದು. ಆದರೆ ಒಂದು ಕಡೆ ಎದ್ದುಕೊಂಡು ಎದುರು ಕಡೆ ಕಚ್ಚಿಕೊಂಡಿದ್ದರೆ, ಅಥವಾ ಮುಚ್ಚಳದ ಅಂಚು ಬುಡದ ಅಂಚಿನಿಂದ ಪಕ್ಕಕ್ಕೆ ಸರಿದಿದ್ದರೆ, ಸರಿಪಡಿಸಲು ಇದೇ ಸಮಯ.

ಮುಚ್ಚಳ ಮುಚ್ಚಿದ್ದಂತೆಯೇ ಮೇಲಿನ ಉಕ್ಕಿನ ಪಟ್ಟಿಯ ನಟ್ಟುಗಳನ್ನು ಕೆಲವು ಸುತ್ತು ಸಡಿಲಿಸಿ. ಪೂರ್ತಿ ಬಿಚ್ಚುವುದಲ್ಲ, ಪಟ್ಟಿಯ ಹಿಡಿತ ತಪ್ಪಿ ಮುಚ್ಚಳ ತನ್ನ ಭಾರಕ್ಕೆ ತಾನೇ ಬುಡದ ಮೇಲೆ ಇಳಿಯುವಷ್ಟು. ಎರಡು ಅಂಗೈ ಇಟ್ಟು ಅತ್ತಿತ್ತ ಹೊರಳಿಸಿ, ಅಂಚಿಗೆ ಅಂಚು ಸರಿಯಾಗಿ ಬರುವಂತೆ ಕೂರಿಸಿ. ಆಮೇಲೆ ನಟ್ಟುಗಳನ್ನು ಒಂದೊಂದಾಗಿ, ಸರದಿಯ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಮುಚ್ಚಳ ಮತ್ತೆ ವಾಲುತ್ತದೆ. ಪಟ್ಟಿ ಸಡಿಲವಾಗಿರುವಾಗ ಮರೆತೂ ಹಿಡಿ ಎತ್ತಬೇಡಿ. ಪಟ್ಟಿ ಕೈಗೆ ಬರುತ್ತದೆ, ಗುಮ್ಮಟ ನೆಲಕ್ಕೆ ಹೋಗುತ್ತದೆ. ಗ್ಯಾಸ್ಕೆಟ್ ಕೆಟ್ಟರೆ ಒಂದು ಮಧ್ಯಾಹ್ನದ ಕೆಲಸ, ಮುಚ್ಚಳ ಒಡೆದರೆ ಮುಚ್ಚಳವೇ ಹೊಸದು ಬೇಕು. ಹಿಡಿಗೆ ಒಂದು ಬಟ್ಟೆ ಕಟ್ಟಿಟ್ಟರೆ ಮನೆಯ ಬೇರೆಯವರೂ ಮುಟ್ಟುವುದಿಲ್ಲ.

ಅಂಟಿಸುವಾಗ ಎಳೆಯಬೇಡಿ

ಹಿಂಬದಿಗೇ ಅಂಟು ಬಳಿದ ಪಟ್ಟಿಯಾದರೆ ಬೇರೆ ಅಂಟು ಸೇರಿಸುವುದು ಬೇಡ, ಒಂದರ ದ್ರಾವಕ ಇನ್ನೊಂದನ್ನು ಕರಗಿಸುವ ಅಪಾಯವಿದೆ. ಅಂಟಿಲ್ಲದ ಪಟ್ಟಿಗೆ ಹೆಚ್ಚು ಉಷ್ಣ ತಾಳುವ ಸ್ಪ್ರೇ ಅಂಟು, ಇಲ್ಲವೇ ಒಲೆಗಳಿಗೆಂದೇ ತಯಾರಾದ ಉಷ್ಣನಿರೋಧಕ ಸಿಲಿಕೋನ್ ಬಳಸಿ. ಸ್ನಾನದ ಮನೆಯ ಸಂದಿಗೆ ಹಾಕಿ ಮಿಕ್ಕ ಸಿಲಿಕೋನ್ ಇಲ್ಲಿಗೆ ನಡೆಯದು. ಸ್ಪ್ರೇ ಆದರೆ ಒಳಮೈ ಹೊರಮೈ ಎರಡಕ್ಕೂ ಕಾಗದದ ಟೇಪು ಹಚ್ಚಿ, ಕಂಠಕ್ಕೂ ಪಟ್ಟಿಯ ಬೆನ್ನಿಗೂ ತೆಳುವಾಗಿ ಹೊಡೆದು, ಬೆರಳಿಗೆ ಅಂಟದಷ್ಟು ಒಣಗಲು ಬಿಡಿ. ಆಮೇಲೆ ಮುಟ್ಟಿಸಿದರೆ ಮುಟ್ಟಿದಲ್ಲೇ ಹಿಡಿದುಕೊಳ್ಳುತ್ತದೆ, ಸರಿಸಲು ಎರಡನೆಯ ಅವಕಾಶ ಇರುವುದಿಲ್ಲ.

ಮೊದಲು ಬುಡ, ಆಮೇಲೆ ಮುಚ್ಚಳ. ಹಿಂದೆ ಕೀಲಿನ ಹತ್ತಿರ ಶುರುಮಾಡಿ. ಅಂಟಿನ ಮೇಲಿನ ಕಾಗದವನ್ನು ಒಂದೇ ಸಲ ಸುಲಿಯದೆ ಗೇಣುದ್ದ ಸುಲಿದು, ಅಷ್ಟನ್ನು ಕಂಠದ ಮೇಲೆ ಇರಿಸಿ, ಹೆಬ್ಬೆರಳಿನಿಂದ ಒತ್ತಿ, ಮತ್ತೆ ಗೇಣುದ್ದ ಸುಲಿಯಿರಿ. ಪಟ್ಟಿಯನ್ನು ಮಲಗಿಸಬೇಕು, ಎಳೆಯಬಾರದು. ಫೆಲ್ಟ್ ಎಳೆದಷ್ಟೂ ಹಿಗ್ಗುತ್ತದೆ, ದುಂಡು ತಿರುವಿನಲ್ಲಿ ನೀಟಾಗಿ ಕೂರಲೆಂದು ಕೈ ತಾನಾಗಿಯೇ ಎಳೆಯುತ್ತದೆ. ಮೊದಲ ಬಿಸಿಗೆ ಅದು ಹಿಗ್ಗಿದ್ದಷ್ಟೂ ಕುಗ್ಗಿ ಎರಡು ತುದಿಗಳ ನಡುವೆ ಬೆರಳು ತೂರುವಷ್ಟು ಸಂದಿ ಬಿಡುತ್ತದೆ. ಇದನ್ನು ಪುಸ್ತಕದಿಂದ ಕಲಿತದ್ದಲ್ಲ, ನನ್ನ ಎರಡನೆಯ ಪ್ರಯತ್ನದ ಫಲ.

ಪಟ್ಟಿಯ ಒಳ ಅಂಚು ಕಂಠದ ಒಳ ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಹಿಂದೆಯೇ ನಿಲ್ಲಲಿ. ಒಳಕ್ಕೆ ಇಣುಕಿದ ನಾರು ನೇರವಾಗಿ ಬೆಂಕಿಗೆ ಒಡ್ಡಿಕೊಳ್ಳುತ್ತದೆ, ಸುಡುವುದು ಅಲ್ಲಿಂದಲೇ ಆರಂಭ.

ಸುತ್ತು ಮುಗಿದು ತುದಿ ತುದಿ ಕೂಡುವಲ್ಲಿ, ಬೇಕಾದ್ದಕ್ಕಿಂತ ಎರಡು ಮಿಲಿಮೀಟರ್ ಉದ್ದ ಬಿಟ್ಟು ಕತ್ತರಿಸಿ. ಆ ಹೆಚ್ಚುವರಿಯನ್ನು ಹೆಬ್ಬೆರಳಿನಿಂದ ಒತ್ತೊತ್ತಿ ಒಳಸೇರಿಸಿದರೆ ಎರಡು ತುದಿಗಳೂ ಪರಸ್ಪರ ಒತ್ತಿಕೊಂಡು ನಿಲ್ಲುತ್ತವೆ. ಒಂದರ ಮೇಲೊಂದು ಹತ್ತಿಸಬೇಡಿ, ಅಲ್ಲಿ ಉಬ್ಬಾಗಿ ಮುಚ್ಚಳ ಎದ್ದುಕೊಳ್ಳುತ್ತದೆ. ಗಾಜಿನ ನಾರಿನ ಹೆಣಿಗೆ ಕತ್ತರಿಸಿದ ಕ್ಷಣವೇ ಬಿಚ್ಚಿಕೊಳ್ಳತೊಡಗುತ್ತದೆ. ಕತ್ತರಿಸುವ ಜಾಗಕ್ಕೆ ಮೊದಲೇ ಟೇಪು ಸುತ್ತಿ ಅದರ ಮೇಲೆಯೇ ಕತ್ತರಿಸಿ, ತುದಿಗೆ ಅದೇ ಸಿಲಿಕೋನ್ ಚೂರು ಸವರಿ, ಅದು ಗಟ್ಟಿಯಾದ ಮೇಲೆ ಟೇಪು ಬಿಡಿಸಿ. ಮುಚ್ಚಳದ ಕೂಡುಜಾಗ ಬುಡದ ಕೂಡುಜಾಗದ ಮೇಲೆಯೇ ಬಾರದಂತೆ ಒಂದು ಗೇಣು ಪಕ್ಕಕ್ಕೆ ಇರಲಿ.

ಮುಚ್ಚಳದ ಕಡೆ ಹಸಿ ಸಿಲಿಕೋನ್ ಬಳಸಿದ್ದರೆ ಪಟ್ಟಿ ಜೋತುಬೀಳುತ್ತದೆ. ಅಲ್ಲಲ್ಲಿ ಟೇಪು ಹಾಕಿ ಹಿಡಿದಿಡಿ, ಮುಚ್ಚುವ ಮುಂಚೆ ತೆಗೆಯಿರಿ.

ಎರಡೂ ಸುತ್ತು ಮುಗಿದ ಮೇಲೆ ನಡುವೆ ಮೇಣದ ಕಾಗದ ಹಾಸಿ ಮುಚ್ಚಳ ಮುಚ್ಚಿ. ಸಂದಿಯಿಂದ ಒಸರಿದ ಅಂಟು ಮೇಲಿನ ಪಟ್ಟಿಯನ್ನೂ ಕೆಳಗಿನ ಪಟ್ಟಿಯನ್ನೂ ಒಂದು ಮಾಡಿಬಿಟ್ಟರೆ, ನಾಳೆ ಹಿಡಿ ಎತ್ತಿದಾಗ ಎರಡರಲ್ಲಿ ಒಂದು ಕಿತ್ತುಬರುತ್ತದೆ. ಹೀಗೆಯೇ ಒಂದು ದಿನ ಬಿಡಿ, ಮುಚ್ಚಳದ ಭಾರವೇ ಒತ್ತುಗಲ್ಲು.

ಮೊದಲ ಉರಿ

ಮರುದಿನ ಕಾಗದದ ಪರೀಕ್ಷೆಯನ್ನು ಪೆನ್ಸಿಲ್ ಗುರುತಿನ ಜಾಗಗಳಲ್ಲೇ ಮತ್ತೆ ಮಾಡಿ. ಹೊಸ ಫೆಲ್ಟ್ ದಪ್ಪವಾಗಿರುವುದರಿಂದ ಹಿಂಭಾಗ ತೀರಾ ಬಿಗಿಯಾಗಿ, ಮುಂಭಾಗ ಸಡಿಲ ಅನ್ನಿಸಬಹುದು. ನಟ್ಟು ಸಡಿಲಿಸಿ ಕೂರಿಸುವ ಕೆಲಸವನ್ನು ಇನ್ನೊಮ್ಮೆ ಮಾಡಬೇಕಾದರೆ ಬೇಸರಪಡಬೇಡಿ, ನಾನು ಪ್ರತಿ ಸಲವೂ ಎರಡು ಬಾರಿ ಮಾಡಿದ್ದೇನೆ.

ಮೊದಲ ಮೂರು ನಾಲ್ಕು ಅಡುಗೆ 150ರಿಂದ 175 ಡಿಗ್ರಿಯೊಳಗೆ ನಡೆಯಲಿ. ಅಂಟು ಬಿಸಿಯಲ್ಲಿ ಪಕ್ವವಾಗಬೇಕು, ನಾರು ಒತ್ತಿಕೊಂಡು ಕಂಠದ ಏರುಪೇರಿಗೆ ಹೊಂದಿಕೊಳ್ಳಬೇಕು. ಹೊಸ ಗ್ಯಾಸ್ಕೆಟ್ಟಿನ ಸಂಭ್ರಮದಲ್ಲಿ ಮೊದಲ ದಿನವೇ ಕಿಂಡಿ ಪೂರ್ತಿ ತೆರೆದರೆ ಅಂಟು ಮೆತ್ತಗಾಗಿ ಪಟ್ಟಿ ಜಾರುತ್ತದೆ. ಜೋರು ಉರಿಗೆ ಹೋದ ಮೇಲೂ ಮುಚ್ಚಳವನ್ನು ಒಮ್ಮೆಗೇ ಎತ್ತಬೇಡಿ. ಎರಡು ಬೆರಳಷ್ಟು ಎತ್ತಿ ಕೆಲವು ಸೆಕೆಂಡು ತಡೆದು, ಒಳಗೆ ಗಾಳಿ ಹೋದ ಮೇಲೆ ತೆರೆಯಿರಿ. ಗಾಳಿಗೆ ಹಸಿದ ಬೆಂಕಿ ಒಮ್ಮೆಲೇ ಭುಗಿಲೆದ್ದರೆ ಕೈ ಹುಬ್ಬುಗಳ ಜೊತೆಗೆ ಮುಂಭಾಗದ ಗ್ಯಾಸ್ಕೆಟ್ಟೂ ಸುಡುತ್ತದೆ. ಕೊಬ್ಬು ಕಂಠದ ಮೇಲೆ ತೊಟ್ಟಿಕ್ಕಿದರೆ ಒಲೆ ತಣ್ಣಗಾದ ಮೇಲೆ ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಿದರೆ ನಾರು ಏಳುತ್ತದೆ.

ಹತ್ತು ಹನ್ನೆರಡು ಸಲ ಉರಿದ ಮೇಲೆ ಪಟ್ಟಿ ಒತ್ತಿಕೊಂಡು ತೆಳುವಾಗಿರುತ್ತದೆ, ಉಕ್ಕಿನ ಪಟ್ಟಿಯ ನಟ್ಟುಗಳೂ ಬಿಸಿ ತಂಪಿಗೆ ಕೊಂಚ ಸಡಿಲ ಬಿದ್ದಿರುತ್ತವೆ. ಒಲೆ ತಣ್ಣಗಿರುವಾಗ, ಮುಚ್ಚಳ ಮುಚ್ಚಿದ್ದಂತೆಯೇ ಸ್ಪ್ಯಾನರಿನಿಂದ ಒಂದೊಂದು ನಟ್ಟಿಗೆ ಕಾಲು ಸುತ್ತು ಕೊಡಿ. ಅಳತೆಗಿಂತ ಹೆಚ್ಚಿಗೆ ತಂದ ಆ ಗೇಣುದ್ದದ ಪಟ್ಟಿಯನ್ನು ಎಸೆದಿಲ್ಲ ತಾನೆ? ಮುಂದೆ ಒಂದೇ ಕಡೆ ಕರಕಲಾದರೆ, ಆ ಜಾಗವನ್ನಷ್ಟೇ ಕತ್ತರಿಸಿ ತೆಗೆದು ತೇಪೆ ಹಾಕಲು ಅದು ಸಾಕು.